ಹೊರದೇಶದ ಹಳೇ ಡೀಸೆಲ್ ಪಿಕಪ್ ಹುಳಿಮಾವಿಗೆ ತರಿಸಬಹುದಾ? ನಿಯಮ, ಸುಂಕ, ದೆಹಲಿ ಗಾಡಿಯ ದಾರಿ: ಪೂರ್ತಿ ಮಾಹಿತಿ

ಹುಳಿಮಾವು: ಬನ್ನೇರುಘಟ್ಟ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಹೋದ ತಿಂಗಳು ಕರೆದು ಫೋನ್ ತೋರಿಸಿದರು. ವಾಟ್ಸಾಪ್‌ನಲ್ಲಿ ಬಂದ ಫೋಟೊ. 2005ರ ಟೊಯೊಟಾ ಹೈಲಕ್ಸ್, ಡಬಲ್ ಕ್ಯಾಬ್, ಡೀಸೆಲ್, ದುಬೈನಲ್ಲಿ ಮರಳಿನ ಮೇಲೆ ನಿಂತಿದೆ. ಕೆಳಗೆ ಬರೆದಿತ್ತು: 6 ಲಕ್ಷಕ್ಕೆ ಮನೆ ಬಾಗಿಲಿಗೆ, ಕಸ್ಟಮ್ಸ್ ನಮ್ಮದು, ಈಗ 50 ಸಾವಿರ ಅಡ್ವಾನ್ಸ್ ಹಾಕಿ.

"ಹಾಕ್ಲಾ?" ಅಂದ್ರು. ಬೇಡ ಅಂದೆ. ಯಾಕೆ ಬೇಡ ಅನ್ನೋದನ್ನ ನಿಂತ ನಿಲುವಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಬರಹ. ಇದೇ ಪ್ರಶ್ನೆಯನ್ನ ಅರೆಕೆರೆ, ಗೊಟ್ಟಿಗೆರೆ ಕಡೆಯ ಇನ್ನೂ ನಾಲ್ಕೈದು ಜನ ಕೇಳಿದ್ದಾರೆ. ಮಾರ್ಬಲ್ ಅಂಗಡಿಯವರು, ನರ್ಸರಿಯವರು, ನೀರಿನ ಕ್ಯಾನ್ ಹಾಕೋರು. ಎಲ್ಲರಿಗೂ ಗಟ್ಟಿಯಾದ ಒಂದು ಪಿಕಪ್ ಬೇಕು, ಹೊಸದಕ್ಕೆ ದುಡ್ಡು ಸಾಲಲ್ಲ.

ಉತ್ತರ ಮೊದಲೇ ಹೇಳಿಬಿಡ್ತೀನಿ. 3 ವರ್ಷಕ್ಕಿಂತ ಹಳೆಯ ವಿದೇಶಿ ಪಿಕಪ್ ಅನ್ನು ಮಾಮೂಲಿ ದಾರಿಯಲ್ಲಿ ಭಾರತಕ್ಕೆ ತಂದು ನೋಂದಣಿ ಮಾಡಿಸೋಕೆ ಆಗಲ್ಲ. ದುಬೈನಿಂದಲೂ ಇಲ್ಲ, ಜಪಾನ್‌ನಿಂದಲೂ ಇಲ್ಲ, ಭೂತಾನ್‌ನಿಂದ ಅಂತೂ ಇಲ್ಲವೇ ಇಲ್ಲ. ಆಗೋದು ಏನಂದ್ರೆ, ನಮ್ಮ ದೇಶದ್ದೇ ಬೇರೆ ರಾಜ್ಯದ ಹಳೆ ಡೀಸೆಲ್ ಗಾಡಿ ತರೋದು. ಅದಕ್ಕೂ ಕಾಗದದ ಕೆಲಸ ಬೇಕಾದಷ್ಟಿದೆ, ಅದನ್ನ ಮುಂದೆ ಹೇಳ್ತೀನಿ.

ವಿಡಿಯೊದಲ್ಲಿ ಅವರು ತರಿಸ್ತಾರಲ್ಲ?

ತರಿಸ್ತಾರೆ. ಅದು ಅಮೆರಿಕ, ಕೆನಡಾ. ಅಮೆರಿಕದಲ್ಲಿ 25 ವರ್ಷ ದಾಟಿದ ಗಾಡಿಗೆ ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ, ಕೆನಡಾದಲ್ಲಿ 15 ವರ್ಷ. ಹಾಗಾಗಿ ಅಲ್ಲಿನವರು ಜಪಾನ್ ಹರಾಜಿನಲ್ಲಿ ಹಳೇ ಹೈಲಕ್ಸ್ ಹಿಡಿದು ಹಡಗು ಹತ್ತಿಸ್ತಾರೆ. ಅಲ್ಲಿ ಗಾಡಿ ಹಳೆಯದಾದಷ್ಟೂ ಒಳಗೆ ಬಿಡ್ತಾರೆ, ನಮ್ಮಲ್ಲಿ ಹಳೆಯದಾದಷ್ಟೂ ಹೊರಗೆ ನಿಲ್ಲಿಸ್ತಾರೆ. ನಿಯಮವೇ ತಲೆಕೆಳಗು. ಆ ವಿಡಿಯೊ ನೋಡಿ ಇಲ್ಲಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪೋದು ಅಲ್ಲೇ.

ಜಪಾನ್‌ನಲ್ಲಿ ಹಳೇ ಗಾಡಿ ಅಗ್ಗ ಯಾಕೆ ಅಂದ್ರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಕಟ್ಟುನಿಟ್ಟಿನ ತಪಾಸಣೆ, ಖರ್ಚು ಜಾಸ್ತಿ, ಜನ ಬೇಗ ಮಾರಿಬಿಡ್ತಾರೆ. ಸ್ಟೀರಿಂಗ್ ಬಲಗಡೆ, ರಸ್ತೆಯ ಎಡಗಡೆ ಓಡಿಸ್ತಾರೆ, ಥೇಟ್ ನಮ್ಮ ಹಾಗೇ. ಅದಕ್ಕೇ ನಮ್ಮವರಿಗೆ ಆಸೆ. ಆದರೆ ನಮ್ಮ ಆಮದು ನೀತಿಗೆ ಸ್ಟೀರಿಂಗ್ ಒಂದೇ ಸಾಕಾಗಲ್ಲ.

ನಮ್ಮ ಆಮದು ನೀತಿ ಏನು ಹೇಳುತ್ತೆ

ವಿದೇಶದಿಂದ ಏನು ತರಬಹುದು, ಏನು ತರಬಾರದು ಅಂತ ನಿರ್ಧರಿಸೋದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಎಫ್‌ಟಿ. ವಾಹನಗಳದ್ದು ಅವರ ಪಟ್ಟಿಯ 87ನೇ ಅಧ್ಯಾಯ. ಸೆಕೆಂಡ್ ಹ್ಯಾಂಡ್ ಗಾಡಿಗೆ ಅಲ್ಲಿ ಹಾಕಿರುವ ಷರತ್ತುಗಳು ಇವು:

ತಯಾರಾದ ದಿನದಿಂದ 3 ವರ್ಷ ಮೀರಿರಬಾರದು. ನೋಂದಣಿ ದಿನದಿಂದ ಅಲ್ಲ, ತಯಾರಾದ ದಿನದಿಂದ. ಸ್ಟೀರಿಂಗ್ ಬಲಗಡೆ ಇರಬೇಕು. ಸ್ಪೀಡೊಮೀಟರ್ ಕಿಲೋಮೀಟರ್‌ನಲ್ಲಿ ತೋರಿಸಬೇಕು. ಹೆಡ್‌ಲೈಟ್ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರ ನಿಯಮಗಳಿಗೆ ಆಮದಿನ ದಿನ ಹೊಂದಿಕೊಳ್ಳಬೇಕು, ಅಂದ್ರೆ ಹೊಗೆಯ ಮಾನದಂಡವೂ ಸೇರಿ. ಆಮೇಲೆ ಕನಿಷ್ಠ 5 ವರ್ಷ ರಸ್ತೆಗೆ ಯೋಗ್ಯ ಅಂತ, ಅಷ್ಟೂ ವರ್ಷ ಇಲ್ಲಿ ಸರ್ವಿಸ್ ಸಿಗುತ್ತೆ ಅಂತ ಖಾತ್ರಿ ಕೊಡಬೇಕು. ಹಡಗು ಹತ್ತುವ ಮುಂಚೆ ಒಂದು ತಪಾಸಣಾ ಪತ್ರ, ಇಲ್ಲಿ ಇಳಿದ ಮೇಲೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ.

ಇಷ್ಟೆಲ್ಲ ಸರಿ ಹೋದರೂ ಗಾಡಿ ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲೇ. ಸೆಕೆಂಡ್ ಹ್ಯಾಂಡ್ ವಾಹನಕ್ಕೆ ಬೇರೆ ಬಂದರು ಇಲ್ಲ. ನಮಗೆ ಹತ್ತಿರ ಅಂತ ಚೆನ್ನೈಗೋ ಪಣಂಬೂರಿನ ನವಮಂಗಳೂರು ಬಂದರಿಗೋ ತರಿಸ್ತೀನಿ ಅಂತ ಯಾರಾದರೂ ಹೇಳಿದರೆ ಆ ಒಂದು ಮಾತಲ್ಲೇ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೂ ಹೇಳ್ತಿದ್ದಾರೆ ಅಂತ ತಿಳ್ಕೊಳ್ಳಿ.

2005ರ ಹೈಲಕ್ಸ್ ಮೊದಲನೇ ಸಾಲಲ್ಲೇ ಬಿದ್ದುಹೋಯ್ತು. ದುಬೈ ಗಾಡಿ ಎರಡನೇ ಸಾಲಲ್ಲೂ ಬೀಳುತ್ತೆ. ಕೊಲ್ಲಿ ದೇಶಗಳಲ್ಲಿ ಓಡಿಸೋದು ರಸ್ತೆಯ ಬಲಗಡೆ, ಸ್ಟೀರಿಂಗ್ ಇರೋದು ಎಡಗಡೆ. ಸೌದಿ, ಕತಾರ್, ಕುವೈತ್, ಒಮಾನ್ ಎಲ್ಲಾ ಕಡೆ ಹಾಗೇ.

ಸುಂಕದ ಲೆಕ್ಕ

3 ವರ್ಷದೊಳಗಿನ ಗಾಡಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬಳಸಿದ ಕಾರುಗಳ ಮೇಲೆ ಮೂಲ ಸುಂಕವೇ ಹಲವು ವರ್ಷ ಶೇ 125 ಇತ್ತು. 10 ಲಕ್ಷದ ಕಾರಿಗೆ ಆ ಒಂದು ಬಾಬ್ತಿನಲ್ಲೇ 12.5 ಲಕ್ಷ. 2025ರ ಬಜೆಟ್‌ನಲ್ಲಿ ಸುಂಕದ ಹೆಸರುಗಳನ್ನು ಒಡೆದು ಬೇರೆ ಬೇರೆ ಶೀರ್ಷಿಕೆಗೆ ಹಾಕಿದರು, ಆದರೆ ತರಿಸುವವನ ಜೇಬಿಗೆ ಹಗುರ ಆಗಲಿಲ್ಲ. ಸರಕು ಸಾಗಣೆ ಪಿಕಪ್‌ಗೆ ವಿಂಗಡಣೆ ಬೇರೆ, ದರವೂ ಬೇರೆ. ಅದನ್ನ ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರ್ ಹತ್ರ ಬರವಣಿಗೆಯಲ್ಲಿ ತಗೊಳ್ಳಿ, ಬಾಯಿಮಾತಲ್ಲಿ ಬೇಡ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. "ನಾನು ಅಲ್ಲಿ 2 ಲಕ್ಷಕ್ಕೆ ತಗೊಂಡೆ, 2 ಲಕ್ಷಕ್ಕೇ ಸುಂಕ ಹಾಕಿ" ಅಂದ್ರೆ ಕಸ್ಟಮ್ಸ್‌ನವರು ಸುಮ್ಮನೆ ಒಪ್ಪಲ್ಲ. ಅದೇ ಮಾಡೆಲ್ ಹೊಸದಾಗಿದ್ದಾಗ ಏನು ಬೆಲೆ ಇತ್ತೋ ಅಲ್ಲಿಂದ ಶುರು ಮಾಡಿ ಸವಕಳಿ ಕಳೆದು ಬೆಲೆ ಕಟ್ಟುತ್ತಾರೆ. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸ್ತಾರೆ. ಆ ಮೊತ್ತದ ಮೇಲೆ ಸುಂಕ. ಮೊತ್ತ ಮತ್ತು ಸುಂಕ ಎರಡೂ ಸೇರಿದ್ದರ ಮೇಲೆ ಐಜಿಎಸ್‌ಟಿ. ತೆರಿಗೆ ಮೇಲೆ ತೆರಿಗೆ ಅಂತಾರಲ್ಲ, ಅದೇ. ಕೊನೆಗೆ ಆರ್‌ಟಿಒದಲ್ಲಿ ನಮ್ಮ ರಾಜ್ಯದ ತೆರಿಗೆ ಬೇರೆ.

ಇಷ್ಟಕ್ಕೂ ಹೈಲಕ್ಸ್ ನಮಗೆ ದೂರದ ಗಾಡಿ ಏನಲ್ಲ. 2022ರಿಂದ ಟೊಯೊಟಾ ಕಿರ್ಲೋಸ್ಕರ್‌ನವರು ಅದನ್ನ ಬಿಡದಿಯಲ್ಲೇ ಜೋಡಿಸಿ ಮಾರ್ತಿದ್ದಾರೆ. ನೈಸ್ ರಸ್ತೆ ಹಿಡಿದರೆ ನಮ್ಮೂರಿಂದ ಒಂದು ಗಂಟೆ ಚಿಲ್ಲರೆ ದಾರಿ. 2.8 ಲೀಟರ್ ಡೀಸೆಲ್, 204 ಅಶ್ವಶಕ್ತಿ. ಬಿಡುಗಡೆ ಆದಾಗ ಬೆಲೆ 33.99 ಲಕ್ಷದಿಂದ ಶುರು. ಅದು ಸಿಮೆಂಟ್ ಮೂಟೆ ಹೊರೋ ಬೆಲೆ ಅಲ್ಲ, ನಿಜ.

ವಿನಾಯಿತಿ ಯಾರಿಗೆ

ಬಾಗಿಲು ಪೂರ್ತಿ ಮುಚ್ಚಿಲ್ಲ. ಒಂದು, ವಿಂಟೇಜ್ ಗಾಡಿ. ತೀರಾ ಹಳೇ ಗಾಡಿಗಳಿಗೆ ಆಮದು ನೀತಿಯಲ್ಲೇ ಬೇರೆ ದಾರಿ ಇದೆ. ನೋಂದಣಿ ವಿಷಯಕ್ಕೆ ಬಂದರೆ 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಮಾಡಿತು: 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗೆ 'ವಿಎ' ಅನ್ನುವ ಅಕ್ಷರ ಇರುವ ಪ್ರತ್ಯೇಕ ನಂಬರ್. ಹೊಸ ನೋಂದಣಿಗೆ ಶುಲ್ಕ 20,000 ರೂ. ಆದರೆ ಅದರಲ್ಲಿ ಬಾಡಿಗೆ ಹೊಡೆಯೋ ಹಾಗಿಲ್ಲ, ದಿನಾ ಅಂಗಡಿಗೆ ತರೋ ಹಾಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಅಂತ ಮಾತ್ರ ರಸ್ತೆಗೆ ಇಳಿಸಬಹುದು. ಶೋಕಿಗೆ ಸರಿ, ಲೋಡಿಗೆ ಅಲ್ಲ.

ಎರಡು, ಕಾರ್ನೆ. ಕೇರಳದಲ್ಲಿ ಆಗಾಗ ದುಬೈ ನಂಬರ್ ಪ್ಲೇಟಿನ ದೊಡ್ಡ ಗಾಡಿ ಕಾಣ್ತವೆ. "ಅವರು ಹೆಂಗೆ ತಂದ್ರು?" ಅಂತ ಕೇಳ್ತಾರೆ. ಅವು ಕಾರ್ನೆ ಎಂಬ ಪತ್ರದ ಮೇಲೆ ಪ್ರವಾಸಕ್ಕೆ ಬಂದ ಗಾಡಿ. ಗಾಡಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಸುಂಕ ಕಟ್ಟದೆ ಒಳಗೆ ಬಿಡ್ತಾರೆ, ಗಡುವಿನೊಳಗೆ ವಾಪಸ್ ಹೋಗಲೇಬೇಕು. ಇಲ್ಲಿ ಮಾರಿದರೆ ಕಳ್ಳಸಾಗಣೆ.

ನೋಂದಣಿ ನವೀಕರಣದಲ್ಲೂ ಆಮದು ಗಾಡಿಗೆ ಬೇರೆ ದರ. 2025ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಪರಿಷ್ಕೃತ ಪಟ್ಟಿ ಪ್ರಕಾರ 20 ವರ್ಷ ದಾಟಿದ ಲಘು ವಾಹನದ ಆರ್‌ಸಿ ನವೀಕರಣಕ್ಕೆ 10,000 ರೂ. ಅದೇ ಆಮದು ಮಾಡಿದ ನಾಲ್ಕು ಚಕ್ರದ ಗಾಡಿಯಾದರೆ 80,000 ರೂ.

ಭೂತಾನ್ ಗಾಡಿ: ಕೊಚ್ಚಿಯಲ್ಲಿ ಏನಾಯ್ತು

ಇದನ್ನ ಸ್ವಲ್ಪ ಉದ್ದ ಹೇಳಬೇಕು, ಯಾಕಂದ್ರೆ ಹಾರ್ಡ್‌ವೇರ್ ಅಂಗಡಿಯವರಿಗೆ ಫೋಟೊ ಕಳಿಸಿದಾತ ದುಬೈ ಆಗದಿದ್ದರೆ "ಭೂತಾನ್ ಲೈನ್ ಇದೆ" ಅಂದಿದ್ದ.

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಪ್ರಿವೆಂಟಿವ್ ವಿಭಾಗ ಕೇರಳದ ಹತ್ತಾರು ಕಡೆ ಒಟ್ಟಿಗೆ ದಾಳಿ ಮಾಡಿತು. ಕಾರ್ಯಾಚರಣೆ ಹೆಸರು 'ನುಂಖೋರ್'. ಭೂತಾನಿನ ಭಾಷೆಯಲ್ಲಿ ಹಾಗಂದ್ರೆ ವಾಹನ. ಸಿನಿಮಾ ನಟರ ಮನೆ, ಉದ್ಯಮಿಗಳ ಮನೆ, ಹಳೇ ಕಾರು ಮಾರುವ ಶೋರೂಮ್ ಎಲ್ಲಾ ಕಡೆ ಹೋದರು. ಮೊದಲ ದಿನವೇ ಮೂವತ್ತಕ್ಕೂ ಹೆಚ್ಚು ಗಾಡಿ ಜಪ್ತಿ ಆದವು. ಲ್ಯಾಂಡ್ ಕ್ರೂಸರ್, ಡಿಫೆಂಡರ್, ನಿಸ್ಸಾನ್ ಪ್ಯಾಟ್ರೋಲ್ ಥರದವು ಅದರಲ್ಲಿದ್ದವು.

ಕಸ್ಟಮ್ಸ್ ಹೇಳಿದ್ದು ಇಷ್ಟು: ಭೂತಾನ್‌ನಲ್ಲಿ ಹರಾಜಾದ ಅಥವಾ ಅಲ್ಲಿ ಅಗ್ಗಕ್ಕೆ ಸಿಕ್ಕ ಹಳೇ ಗಾಡಿಗಳನ್ನು ಗಡಿ ದಾಟಿಸಿ, ಸೇನೆಯ, ರಾಯಭಾರ ಕಚೇರಿಗಳ ಹೆಸರಿನಲ್ಲಿ ಸುಳ್ಳು ಕಾಗದ ಸೃಷ್ಟಿಸಿ, ಹಿಮಾಚಲದಂಥ ದೂರದ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ, ಅಲ್ಲಿಂದ ದಕ್ಷಿಣಕ್ಕೆ ಮಾರಿದ್ದಾರೆ. ಕೊಂಡವರಲ್ಲಿ ಕೆಲವರು ನಮಗೆ ಇದೆಲ್ಲ ಗೊತ್ತಿರಲಿಲ್ಲ, ಕಾಗದ ಸರಿಯಿದೆ ಅಂತ ನಂಬಿ ತಗೊಂಡೆವು ಅಂದರು. ಪ್ರಕರಣ ಕೋರ್ಟಿಗೂ ಹೋಗಿದೆ.

ಇಲ್ಲಿ ನೋಡಬೇಕಾದ್ದು, ಆ ಗಾಡಿಗಳಿಗೆ ಭಾರತದ ನಂಬರ್ ಇತ್ತು, ಆರ್‌ಸಿ ಇತ್ತು, ಪರಿವಾಹನ್ ಜಾಲತಾಣದಲ್ಲಿ ಹೆಸರು ಬರ್ತಿತ್ತು. ಅಂದ್ರೆ ಆರ್‌ಸಿ ಇದ್ದ ಮಾತ್ರಕ್ಕೆ ಆಮದು ಸಕ್ರಮ ಅಂತಲ್ಲ. ವಿದೇಶಿ ಮಾಡೆಲ್ ಏನಾದ್ರೂ ಕಣ್ಣಿಗೆ ಬಿದ್ದರೆ ಕೇಳಬೇಕಾದ ಕಾಗದ ಒಂದೇ: ಬಿಲ್ ಆಫ್ ಎಂಟ್ರಿ. ಕಸ್ಟಮ್ಸ್‌ನಲ್ಲಿ ಸುಂಕ ಕಟ್ಟಿದ ಮೂಲ ದಾಖಲೆ ಅದು. ಅದರಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲೆ ಕೊರೆದಿರುವ ನಂಬರಿಗೆ ತಾಳೆ ಆಗಬೇಕು. ಅದಿಲ್ಲದಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯ 111ನೇ ಕಲಂ ಪ್ರಕಾರ ಗಾಡಿ ಮುಟ್ಟುಗೋಲು. ಅದು ಹೋಗೋದು ಯಾರ ಹತ್ರ ಇದೆಯೋ ಅವರಿಂದ, ಮಾರಿದವನಿಂದ ಅಲ್ಲ.

ವಿದೇಶಿ ಎಂಜಿನ್ ಮಾತ್ರ ಹಾಕಿಸಿದರೆ?

ಜೆ.ಸಿ. ರಸ್ತೆ, ಶಿವಾಜಿನಗರ ಕಡೆ ಕೇಳಿದರೆ ಜಪಾನ್ ಎಂಜಿನ್ ಕೊಡ್ತೀವಿ, ನಿಮ್ಮ ಹಳೇ ಪಿಕಪ್‌ಗೆ ಕೂರಿಸಿ ಅನ್ನೋರು ಸಿಗ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸಬೇಕಾದರೆ ಮೊದಲು ಆರ್‌ಟಿಒ ಅನುಮತಿ, ಅದೂ ಅದೇ ಕಂಪನಿಯ ಅದೇ ಬಗೆಯ ಎಂಜಿನ್‌ಗೆ. ಎಫ್‌ಸಿಗೆ ಹೋದಾಗ ಎಂಜಿನ್ ನಂಬರ್ ತಾಳೆ ಆಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತೆ. ವಿಮೆಯವರಿಗೂ ಅದೊಂದು ನೆಪ ಸಾಕು.

ಆಗುವ ದಾರಿ: ದೆಹಲಿ ಕಡೆಯ ಹಳೇ ಡೀಸೆಲ್

ಈಗ ಕೆಲಸಕ್ಕೆ ಬರುವ ವಿಷಯ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ-ಎನ್‌ಸಿಆರ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂದಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಜಾರಿ ಮಾಡಿ ಅಂತು. 2025ರ ಜುಲೈ 1ರಿಂದ ಅಂಥ ಗಾಡಿಗೆ ದೆಹಲಿ ಬಂಕ್‌ಗಳಲ್ಲಿ ಎಣ್ಣೆ ಹಾಕಬಾರದು ಅಂತ ಶುರು ಮಾಡಿ ಕೆಲವೇ ದಿನಕ್ಕೆ ನಿಲ್ಲಿಸಿದರು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತ ಹೇಳಿತು. ಅದಾದ ಮೇಲೂ ವಿಷಯ ಅತ್ತ ಇತ್ತ ಆಗ್ತಾನೇ ಇದೆ. ಈ ಗೊಂದಲದಿಂದ ಅಲ್ಲಿನವರು ಗಾಡಿ ಕೈಬಿಡ್ತಾರೆ, ದಳ್ಳಾಳಿಗಳು ದಕ್ಷಿಣಕ್ಕೆ ತರ್ತಾರೆ.

ಕರ್ನಾಟಕದಲ್ಲಿ 10 ವರ್ಷದ ಡೀಸೆಲ್ ನಿಷೇಧ ಇಲ್ಲ. ಖಾಸಗಿ ಆರ್‌ಸಿ 15 ವರ್ಷ ನಡೆಯುತ್ತೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಅಲ್ಲಿ ಮುದುಕ ಆದ ಗಾಡಿಗೆ ಇಲ್ಲಿ ಇನ್ನೂ 5 ವರ್ಷ ಆಯಸ್ಸು. ಹಳದಿ ಬೋರ್ಡ್ ಆದರೆ ಲೆಕ್ಕ ಬೇರೆ: 8 ವರ್ಷದ ತನಕ 2 ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ.

ಒಂದು ಮಾತು. ದೆಹಲಿ ನಗರದೊಳಗಿನ ಸಣ್ಣ ಸರಕು ಗಾಡಿಗಳು ಹೆಚ್ಚಾಗಿ ಸಿಎನ್‌ಜಿ. ಡೀಸೆಲ್ ಪಿಕಪ್, ಕ್ಯಾಂಪರ್ ಬರೋದು ಸುತ್ತಲಿನ ಗುರುಗ್ರಾಮ, ನೊಯ್ಡಾ, ಗಾಜಿಯಾಬಾದ್‌ನಿಂದ. ಎಚ್‌ಆರ್-26, ಯುಪಿ-16, ಯುಪಿ-14 ನಂಬರ್‌ಗಳು. ಇವೂ ಎನ್‌ಸಿಆರ್ ಒಳಗೇ ಬರ್ತವೆ.

ನಮ್ಮ ಮನೆಯ ಗಾಡಿ 11 ತಿಂಗಳು ನಿಂತಿದ್ದು

ನಮ್ಮಪ್ಪ ಕೂಡ ಇಂಥದ್ದೇ ಒಂದು ಎಚ್‌ಆರ್ ನಂಬರ್ ಪಿಕಪ್ ತಗೊಂಡಿದ್ರು. ನಾನು ಕಾಲೇಜು ಬಿಟ್ಟಿದ್ದೂ ಆ ವರ್ಷವೇ, ಅದು ಬೇರೆ ಕಥೆ. ಗಾಡಿ ಚೆನ್ನಾಗಿತ್ತು, ಎಂಜಿನ್ ಚೆನ್ನಾಗಿತ್ತು. ದಳ್ಳಾಳಿ ಆರ್‌ಸಿ ಕೈಗೆ ಕೊಟ್ಟ, ಸಹಿ ಹಾಕಿದ ಖಾಲಿ ಫಾರಂ ಕೊಟ್ಟ, "ಎನ್‌ಒಸಿ ವಾರದಲ್ಲಿ ಕೊರಿಯರ್" ಅಂದ. ಆರ್‌ಸಿಯ ಒಂದು ಮೂಲೆಯಲ್ಲಿ ಫೈನಾನ್ಸ್ ಕಂಪನಿ ಹೆಸರು ಇದ್ದದ್ದನ್ನ ನಾವು ಯಾರೂ ನೋಡಲಿಲ್ಲ. ಸಾಲ ತೀರಿರಲಿಲ್ಲ. ಸಾಲ ತೀರದೆ ಎನ್‌ಒಸಿ ಬರಲ್ಲ, ಎನ್‌ಒಸಿ ಇಲ್ಲದೆ ಇಲ್ಲಿ ನಂಬರ್ ಬರಲ್ಲ. ಮೊದಲ ಮಾಲೀಕ ಫೋನ್ ಎತ್ತೋದು ನಿಲ್ಲಿಸಿದ. 11 ತಿಂಗಳು ಗಾಡಿ ಹುಳಿಮಾವು ಕೆರೆ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿತು, ಹಲ್ಲಿಗಳು ಸಂಸಾರ ಮಾಡಿದ್ವು. ಕೊನೆಗೆ ಉಳಿದ ಸಾಲ ನಾವೇ ಕಟ್ಟಿ ಬಿಡಿಸಿಕೊಂಡೆವು. ಅಗ್ಗ ಅಂತ ತಗೊಂಡದ್ದು ಇಲ್ಲಿನ ಬೆಲೆಗಿಂತ ಮೇಲೆ ಹೋಯ್ತು.

ಹಾಗಾಗಿ ಕೆಳಗಿನದ್ದನ್ನ ನಾನು ಅರ್ಜಿ ಫಾರಂ ಓದಿ ಮಾತ್ರ ಬರೀತಿಲ್ಲ.

ಕಾಗದ: ಯಾವುದಕ್ಕೆ ಯಾವ ಫಾರಂ

ದುಡ್ಡು ಕೊಡುವ ಮುಂಚೆ ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿ. ಸಾಲ ಇದೆಯಾ, ವಿಮೆ ಎಲ್ಲಿಯವರೆಗೆ, ಎಫ್‌ಸಿ ಯಾವಾಗ ಮುಗಿಯುತ್ತೆ, ದಂಡ ಎಷ್ಟು ಬಾಕಿ, ಗಾಡಿ ಕಪ್ಪುಪಟ್ಟಿಯಲ್ಲಿದೆಯಾ. ಹತ್ತು ನಿಮಿಷದ ಕೆಲಸ.

ಸಾಲ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35. ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ ಫಾರಂ 28. ಇದು ಕರ್ನಾಟಕದ, ಅದೂ ನಿಮ್ಮ ಆರ್‌ಟಿಒ ಹೆಸರಿಗೇ ಇರಬೇಕು. ಅರ್ಜಿ ಕೊಟ್ಟ 30 ದಿನದೊಳಗೆ ಅಲ್ಲಿನ ಅಧಿಕಾರಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು ಅಂತ ಕಾಯ್ದೆಯ 48ನೇ ಕಲಂ ಹೇಳುತ್ತೆ. ಎನ್‌ಸಿಆರ್‌ನಲ್ಲಿ ಅವಧಿ ಮುಗಿದ ಗಾಡಿಗೆ ಎನ್‌ಒಸಿ ಕೊಡುವ ನಿಯಮ ಆಗಾಗ ಬದಲಾಗಿದೆ, ಅದಕ್ಕೇ ಎನ್‌ಒಸಿ ಕೈಗೆ ಬಾರದೆ ಅಡ್ವಾನ್ಸ್ ಬಿಟ್ಟು ಇನ್ನೊಂದು ರೂಪಾಯಿ ಕೊಡಬೇಡಿ. ಬಂದ ಎನ್‌ಒಸಿ ನಿಜವಾ ಅಂತಲೂ ಆನ್‌ಲೈನ್‌ನಲ್ಲಿ ನೋಡಿ.

ಮಾರಿದವರು ಕೊಡೋದು ಫಾರಂ 29, ಕೊಂಡವರು ಹಾಕೋದು ಫಾರಂ 30. ಇಲ್ಲಿ ಹೊಸ ಕೆಎ ನಂಬರ್ ಕೇಳೋದು ಫಾರಂ 27ರಲ್ಲಿ. ಇದರ ಜೊತೆ ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ, ವಿಳಾಸದ ದಾಖಲೆ, ಚಾಸಿ ನಂಬರಿನ ಪೆನ್ಸಿಲ್ ಟ್ರೇಸ್. ಗಾಡಿಯನ್ನೂ ಕಚೇರಿಗೆ ತಗೊಂಡು ಹೋಗಬೇಕು, ಇನ್‌ಸ್ಪೆಕ್ಟರ್ ನೋಡ್ತಾರೆ.

ಹುಳಿಮಾವು ರಸ್ತೆಯಲ್ಲಿ ಕಾಣೋದು ಹೆಚ್ಚಾಗಿ ಕೆಎ-05 ಮತ್ತು ಕೆಎ-51. ನಿಮ್ಮ ಮನೆ ಯಾವ ಆರ್‌ಟಿಒಗೆ ಬರುತ್ತೆ ಅನ್ನೋದನ್ನ ಪಿನ್‌ಕೋಡ್ ಹಾಕಿ ಮೊದಲೇ ಖಚಿತ ಮಾಡಿಕೊಳ್ಳಿ. ತಪ್ಪು ಆರ್‌ಟಿಒ ಹೆಸರಿಗೆ ಎನ್‌ಒಸಿ ಬಂದರೆ ತಿದ್ದಿಸೋಕೆ ಮತ್ತೆ 2,000 ಕಿ.ಮೀ. ದೂರದ ಕಚೇರಿ.

ತೆರಿಗೆ, ಮತ್ತು 12 ತಿಂಗಳ ಮಾತು

ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರ್ ಪಡೆಯಲೇಬೇಕು, ಅದು 47ನೇ ಕಲಂ. 2014ರಲ್ಲಿ ನಮ್ಮ ಸರ್ಕಾರ 30 ದಿನ ದಾಟಿದರೇ ಜೀವಿತಾವಧಿ ತೆರಿಗೆ ಕಟ್ಟಿ ಅಂತ ತಿದ್ದುಪಡಿ ತಂದಿತ್ತು, 2016ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಇದನ್ನ ನಂಬಿಕೊಂಡು ವರ್ಷಗಟ್ಟಲೆ ಎಚ್‌ಆರ್ ನಂಬರಿನಲ್ಲೇ ಓಡಿಸೋರಿದ್ದಾರೆ. ಆದರೆ ಈ 12 ತಿಂಗಳು ಗಾಡಿ ಸಮೇತ ಬಂದುಹೋಗುವ ಮಾಲೀಕರ ಅನುಕೂಲಕ್ಕೆ ಇರೋದು. ನೀವು ಇಲ್ಲಿಯವರು, ಗಾಡಿ ಕೊಂಡಿದ್ದೀರಿ ಅಂದ್ರೆ 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕೋದು ನಿಮ್ಮ ಕೆಲಸ. ಅದು 50ನೇ ಕಲಂ.

ಹಿಡಿಯಲ್ಲ ಅಂತ ಅಂದುಕೊಂಡರೆ, 2025ರ ಜುಲೈನಲ್ಲಿ ನಮ್ಮ ಬೆಂಗಳೂರು ದಕ್ಷಿಣ ಆರ್‌ಟಿಒದವರು ಮಹಾರಾಷ್ಟ್ರ ನಂಬರಿನ ಒಂದು ಫೆರಾರಿ ಹಿಡಿದು, ದಂಡ ಸೇರಿ 1.41 ಕೋಟಿ ರೂಪಾಯಿಗೂ ಹೆಚ್ಚು ತೆರಿಗೆಯನ್ನು ಒಂದೇ ದಿನದಲ್ಲಿ ಕಟ್ಟಿಸಿಕೊಂಡರು. ಪಿಕಪ್‌ಗೂ ಫೆರಾರಿಗೂ ಏನು ಸಂಬಂಧ ಅಂದ್ರೆ, ನಿಲ್ಲಿಸಿ ಕೇಳುವ ಇನ್‌ಸ್ಪೆಕ್ಟರ್ ಇಲಾಖೆ ಒಂದೇ.

ಖಾಸಗಿ ಬಿಳಿ ಬೋರ್ಡ್ ಗಾಡಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಹೊಸದರಲ್ಲಿ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ ಇದೆ. ಹಳೇ ಗಾಡಿ ಆದಷ್ಟು ಪಾಲು ಇಳಿಯುತ್ತೆ. ಆದರೆ ಲೆಕ್ಕ ನೀವು ದಳ್ಳಾಳಿಗೆ ಕೊಟ್ಟ ದುಡ್ಡಿನ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆ ಮೇಲೆ. ತುಂಬಾ ಜನ ಮುಗ್ಗರಿಸೋದು ಇಲ್ಲೇ. ಸರಕು ಗಾಡಿಯಾದರೆ ತೂಕದ ಮೇಲೆ ಬೇರೆ ಪಟ್ಟಿ. ಇಲ್ಲಿ ತೆರಿಗೆ ಕಟ್ಟಿ ಕೆಎ ನಂಬರ್ ಬಂದ ಮೇಲೆ, ಮೊದಲಿನ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆ ಪಾಲು ವಾಪಸ್ ಕೇಳಬಹುದು. ಕೇಳಬೇಕಾದ್ದು ಆ ಆರ್‌ಟಿಒದಲ್ಲಿ.

ವರ್ಗಾವಣೆ ಮಾಡದೆ ಓಡಿಸಿ ಅಪಘಾತ ಆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನ ಮೇಲೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇದು ಮಾರುವವರಿಗೂ ಅಷ್ಟೇ ಮುಖ್ಯ. ನಿಮ್ಮ ಹಳೇ ಪಿಕಪ್ ಮಾರಿ ಫಾರಂ 29 ಕೊಡದೆ ಸುಮ್ಮನೆ ಕೂತಿದ್ದರೆ, ಈ ವಾರವೇ ಕೊಡಿ.

ಖರ್ಚು, ಗಾಡಿ ನೋಡೋದು

ಗುರುಗ್ರಾಮದಿಂದ ಇಲ್ಲಿಗೆ 2,100 ಕಿ.ಮೀ. ಮೇಲೆ. ಲೀಟರಿಗೆ 12 ಕಿ.ಮೀ. ಅಂದ್ರೂ 180 ಲೀಟರ್ ಹತ್ರ, 90 ರೂ. ಲೆಕ್ಕದಲ್ಲಿ ಎಣ್ಣೆಗೇ 16 ಸಾವಿರ. ಟೋಲ್, ಡ್ರೈವರ್, ಊಟ ಬೇರೆ. ಆಮೇಲೆ ಟೈರ್, ಬ್ಯಾಟರಿ, ತೆರಿಗೆ. ಬೆಲೆಯಲ್ಲಿ ಕನಿಷ್ಠ ಒಂದು ಲಕ್ಷ ವ್ಯತ್ಯಾಸ ಇಲ್ಲದಿದ್ದರೆ ನನ್ನ ಪ್ರಕಾರ ಅಲ್ಲಿಗೆ ಹೋಗೋದೇ ಬೇಡ.

ನೋಡುವಾಗ ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಕುಡಿತಿದೆ. ಆಯಿಲ್ ಮುಚ್ಚಳ ತೆಗೆದಾಗ ಬುಸ್ ಅಂತ ಗಾಳಿ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ. ಚಾಸಿ ಉದ್ದಕ್ಕೂ ಹೊಸ ಕಪ್ಪು ಬಣ್ಣ ಹೊಡೆದಿದ್ದರೆ ಕೆಳಗೆ ವೆಲ್ಡಿಂಗ್ ಇದೆಯಾ ಅಂತ ಟಾರ್ಚ್ ಹಾಕಿ. ಮೀಟರಿನಲ್ಲಿ 60,000 ಇದ್ದು ಕ್ಲಚ್ ಪೆಡಲ್ ರಬ್ಬರ್ ಸವೆದು ಹೋಗಿದ್ದರೆ ಮೀಟರ್ ಸುಳ್ಳು. ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬರನ್ನ ವಿಡಿಯೊ ಕಾಲ್‌ನಲ್ಲಿ ಇಟ್ಟುಕೊಳ್ಳಿ, 500 ರೂಪಾಯಿ ಕೊಟ್ಟರೂ ನಷ್ಟ ಇಲ್ಲ.

ಹೊಗೆ ಮಾನದಂಡ ಕೂಡ ನೋಡಿ. ದೇಶಪೂರ್ತಿ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಬೆಂಗಳೂರಿಗೆ ಬಿಎಸ್-4 ಬಂದದ್ದು 2010ರಲ್ಲೇ. ಮುಂದೆ ಯಾವ ನಿರ್ಬಂಧ ಬಂದರೂ ಮೊದಲು ಏಟು ಬೀಳೋದು ಬಿಎಸ್-3ಕ್ಕೆ. ಬಿಎಸ್-3 ಗಾಡಿ ಎಷ್ಟೇ ಅಗ್ಗ ಇದ್ದರೂ ನಾನಂತೂ ತಗೊಳ್ಳಲ್ಲ.

ಅಂಗಡಿಯವರು ಕೇಳುವ ಎರಡು ಪ್ರಶ್ನೆ

ಪರ್ಮಿಟ್ ಬೇಕಾ? ಗಾಡಿ ಮತ್ತು ಲೋಡ್ ಸೇರಿದ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಎಫ್‌ಸಿ, ವಿಮೆ, ತೆರಿಗೆ ಮಾತ್ರ ಬೇಕೇ ಬೇಕು. ತೂಕ ಎಷ್ಟು ಅಂತ ಆರ್‌ಸಿಯಲ್ಲೇ ಇರುತ್ತೆ. ಕೆಲವು ಪಿಕಪ್‌ಗಳು 3,000ದ ಸ್ವಲ್ಪ ಕೆಳಗಿವೆ, ಕೆಲವು ಮೇಲಿವೆ, ಒಂದೇ ಹೆಸರಿನ ಗಾಡಿಯಲ್ಲೇ ಎರಡೂ ಬಗೆ ಇದೆ.

ಡ್ರೈವರ್‌ಗೆ ಬ್ಯಾಡ್ಜ್ ಬೇಕಾ? 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಮಾಮೂಲಿ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ವಿಮೆಯವರು ಆ ಕಾರಣಕ್ಕೆ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ.

ಹಳೇ ಗಾಡಿಗೆ ಜಿಎಸ್‌ಟಿ ಅಂತ ಕೇಳಿದರೆ, ಅದು ನೋಂದಾಯಿತ ಡೀಲರ್‌ಗೆ, ಅದೂ ಅವರ ಲಾಭದ ಮೊತ್ತದ ಮೇಲೆ ಶೇ 18. ನಿಮ್ಮ ಪಕ್ಕದ ಮನೆಯವರ ಸ್ವಂತ ಗಾಡಿ ನೀವು ಕೊಂಡರೆ ಜಿಎಸ್‌ಟಿ ಇಲ್ಲ.

ಸರ್ಕಾರಿ ಹರಾಜಿನ ಹಳೇ ಬೊಲೆರೊ ಮೇಲೆ ಕಣ್ಣಿಟ್ಟವರಿಗೆ ಒಂದು ಸಾಲು: 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿಯೇ ರದ್ದು. ಅವು ಹೋಗೋದು ಗುಜರಿಗೆ, ರಸ್ತೆಗಲ್ಲ.

ಹಾರ್ಡ್‌ವೇರ್ ಅಂಗಡಿಯವರು 50 ಸಾವಿರ ಹಾಕಲಿಲ್ಲ. ಬಿಲ್ ಆಫ್ ಎಂಟ್ರಿ ಕಳಿಸಿ ಅಂತ ಒಂದು ಮೆಸೇಜ್ ಹಾಕಿದ್ರು, ಆ ಕಡೆಯಿಂದ ನಂಬರ್ ಬ್ಲಾಕ್ ಆಯ್ತು. ಈಗ ಬೇಗೂರು ಕಡೆ ಒಂದು ಕೆಎ-51 ಪಿಕಪ್ ನೋಡಿ ಬಂದಿದ್ದಾರೆ, 2018ರದ್ದು, ಒಬ್ಬರೇ ಮಾಲೀಕರು. ಸಾಲ ತೀರಿದೆ, ಆದರೆ ಫಾರಂ 35 ಇನ್ನೂ ಹಾಕಿಲ್ಲ. ಅದು ಆಗಲಿ, ಆಮೇಲೆ ದುಡ್ಡು ಅಂದಿದ್ದಾರೆ.